ಎದುರಿನವರ ಭಾಷೆ

ನಿನ್ನೆ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಕನಕಾಂಬರದ ಬುಟ್ಟಿ ಹಿಡಿದ ಹೆಂಗಸೊಬ್ಬಳು ಬೆಂಗಳೂರಿನ ಗಾಡಿ ಯಾವ ಪ್ಲಾಟ್‌ಫಾರಂಗೆ ಬರುತ್ತದೆಂದು ತೆಲುಗಿನಲ್ಲಿ ಕೇಳಿದಳು. ಉತ್ತರ ಗೊತ್ತಿತ್ತು, ತೆಲುಗೂ ಗೊತ್ತಿತ್ತು. ಆದರೂ ಬಾಯಿಗೆ ಮಾತು ಬರದೆ ಬೆರಳು ತೋರಿಸಿದೆ. ನನ್ನನ್ನು ಮೂಗಿ ಅಂದುಕೊಂಡಳೋ ಏನೋ, ಪಾಪ, ತಾನೂ ಕೈಸನ್ನೆಯಲ್ಲೇ ಮತ್ತೊಂದು ಸಲ ಕೇಳಿ ಖಾತ್ರಿ ಮಾಡಿಕೊಂಡು ಹೋದಳು. ಈ ಗತಿ ನನಗೆ ಹೇಗೆ ಬಂತು ಅಂತ ನಿಮಗೆ ಹೇಳಿಬಿಡುತ್ತೇನೆ. ಒಳಗೇ ಇಟ್ಟುಕೊಂಡರೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಮ್ಮದು ಹಸು ಸಾಕುವ ಮನೆ. ನಾನು ಚಿಕ್ಕವಳಿದ್ದಾಗ ಅಮ್ಮ ಇದೇ ಸ್ಟೇಷನ್ನಿನಲ್ಲಿ ಹಾಲಿನ ಕ್ಯಾನುಗಳ ಸಮೇತ ಮಾರಿಕುಪ್ಪಂ ಗಾಡಿ ಹತ್ತಿ, ಊರಿಗಾಂನಲ್ಲಿ ಇಳಿದು, ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳ ಲೈನುಗಳಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದಳು. ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ಬಾಗಿಲಲ್ಲಿ ತಮಿಳು, ಪಕ್ಕದ ಬಾಗಿಲಲ್ಲಿ ತೆಲುಗು, ಮೂಲೆಮನೆಯಲ್ಲಿ ಕನ್ನಡ. ಅಮ್ಮ ಶಾಲೆಯ ಮುಖ ಕಂಡವಳಲ್ಲ, ಆದರೆ ಹಾಲಿಗೆ ನೀರು ಬೆರೆಸಿಲ್ಲವೆಂದು ಮೂರು ಭಾಷೆಯಲ್ಲಿ ಆಣೆ ಇಡಬಲ್ಲವಳು. ಒಮ್ಮೆ ತಮಿಳಿನವರ ಮನೆಯಲ್ಲಿ ನಾನು ಕನ್ನಡದಲ್ಲಿ ನೀರು ಕೇಳಿದ್ದಕ್ಕೆ ದಾರಿಯಲ್ಲಿ ನನ್ನ ತಲೆಗೆ ಮೊಟಕಿದಳು.

"ಅವ್ರ ಬಾಗಿಲ್ಗೆ ಓಗಿ ನಿಂತ್ಮೇಲೆ ಅವ್ರ ಮಾತೇ ಆಡ್ಬೇಕು ಕಣೇ. ನಮ್ ಮಾತು ಮನೇಲಿ ಇದ್ದೇ ಇರ್ತದೆ."

ಇದು ಅಮ್ಮ ಒಬ್ಬಳ ನೇಮವಲ್ಲ. ನಮ್ಮ ಕಡೆ ತರಕಾರಿಯವರಿಂದ ಕಂಡಕ್ಟರ್‌ವರೆಗೆ ಎಲ್ಲರೂ ಹೀಗೆಯೇ. ಎದುರಿನವರ ಮನೆಮಾತು ತಿಳಿದ ಮೇಲೂ ಬೇರೆ ಮಾತಾಡಿದರೆ ಸೊಕ್ಕು ಅನ್ನುತ್ತಾರೆ. ಹಾಗಾಗಿ ಭಾಷೆ ಕಲಿಯುವುದು ಅಂದರೆ ಕಷ್ಟಪಡುವ ಸಂಗತಿ ಎಂದು ನನಗೆ ನಲವತ್ತು ದಾಟುವವರೆಗೂ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದ್ದು ಜರ್ಮನ್. ನಾನು ಬಂಗಾರಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಜರ್ಮನಿಯ ವೃದ್ಧಾಶ್ರಮವೊಂದರಲ್ಲಿ ಕೆಲಸ ಇದೆ, ಭಾಷೆಯ ಪರೀಕ್ಷೆ ಪಾಸಾದರೆ ಸಾಕು ಎಂದು ನರ್ಸುಗಳನ್ನು ಅಲ್ಲಿಗೆ ಕಳಿಸುವ ಏಜೆಂಟರು ಹೇಳಿದರು. ಸಾಕು ಎನ್ನುವುದು ಎಷ್ಟು ಸುಲಭದ ಮಾತು ನೋಡಿ. ರೈಲಿನಲ್ಲಿ ಫೋನು ಕಿವಿಗಿಟ್ಟುಕೊಂಡು ಗೊಣಗಿದೆ, ಭಾನುವಾರಗಳಲ್ಲಿ ಬೆಂಗಳೂರಿನ ತರಗತಿಗೆ ಓಡಿದೆ. ಆ ಭಾಷೆಯಲ್ಲಿ ಮೇಜು ಗಂಡಂತೆ, ಬಾಗಿಲು ಹೆಣ್ಣಂತೆ. ಹಾಲು ಕರೆಯುವಾಗಲೂ ಅದನ್ನೇ ಉರು ಹೊಡೆಯುತ್ತಿದ್ದರೆ, ಹಸು ಬೆದರಿ ಹಾಲು ಬಿಗಿಹಿಡಿಯುತ್ತಿದೆ ಎಂದು ತಮ್ಮನ ಹೆಂಡತಿ ದೂರು ಹೇಳಿದಳು.

ಬರೆಯುವ ಪರೀಕ್ಷೆ ಹೇಗೋ ಆಯಿತು. ಮಾತಿನ ಪರೀಕ್ಷೆಗೆ ಇಬ್ಬಿಬ್ಬರನ್ನು ಕೂರಿಸುತ್ತಾರೆ, ಒಂದು ವಿಷಯ ಕೊಟ್ಟು ಪರಸ್ಪರ ಮಾತಾಡಿ ಎನ್ನುತ್ತಾರೆ. ಮೊದಲ ಸಲ ನನಗೆ ಜೊತೆಯಾದವರು ನನ್ನ ವಯಸ್ಸಿನವರೇ, ಊರಿಗಾಂನ ತಮಿಳಿನವರು. ನಡುವೆ ಅವರಿಗೆ ಮಾತು ತಡೆದು ಕಣ್ಣಲ್ಲಿ ನೀರು ತುಂಬಿತು. ನಾನು ಅವರ ಕೈಹಿಡಿದು ಭಯಪಡಬೇಡಿ, ನಿಧಾನಕ್ಕೆ ಹೇಳಿ ಎಂದೆ. ತಮಿಳಿನಲ್ಲಿ! ಅಷ್ಟಕ್ಕೇ ಬಿಟ್ಟೆನೇ, ಮುಂದಿನ ಎರಡು ವಾಕ್ಯಗಳನ್ನೂ ತಮಿಳಿನಲ್ಲೇ ಹೇಳಿಕೊಟ್ಟೆ. ಎದುರಿಗಿದ್ದ ಪರೀಕ್ಷಕಿ ಪೆನ್ನು ಕೆಳಗಿಟ್ಟಳು. ನಾನು ಫೇಲಾದೆ.

ಇನ್ನೊಂದು ಸಲ ನೋಡುತ್ತೇವೆ, ಆಗದಿದ್ದರೆ ಕೆಲಸ ಬೇರೆಯವರಿಗೆ ಎಂದು ಜರ್ಮನಿಯ ಆ ವೃದ್ಧಾಶ್ರಮದಿಂದ ಪತ್ರ ಬಂತು. ನನ್ನ ವಯಸ್ಸಿಗೆ ಮತ್ತೆ ಯಾರು ಕರೆಯುತ್ತಾರೆ? ನಿದ್ದೆ ಕೆಟ್ಟಿತು, ಊಟ ಸೇರಲಿಲ್ಲ. ಇನ್ನು ಆ ಕೋಣೆಯಲ್ಲಿ ಆಕಾಶವೇ ಬಿದ್ದರೂ ಜರ್ಮನ್ ಬಿಟ್ಟು ಬೇರೆ ಮಾತು ಆಡುವುದಿಲ್ಲವೆಂದು ಶಪಥ ಮಾಡಿದೆ.

ಎರಡನೇ ಸಲ ಜೊತೆಯಾದವಳು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ತನ್ನ ತಾಯಿಯ ಹತ್ತಿರ ತೆಲುಗಿನಲ್ಲಿ ಮಾತಾಡುತ್ತಿದ್ದಳು, ದೇವರಿಗೆ ದೀಪ ಹಚ್ಚು ಅಂತಿದ್ದಳು. ಒಳಗೆ ನಾಲ್ಕು ಮಾತಾಡುವಷ್ಟರಲ್ಲಿ ಅವಳ ನಾಲಗೆ ಕಟ್ಟಿತು. ನನ್ನ ಮುಖವನ್ನೇ ನೋಡಿದಳು. ನಾನು ತೆಲುಗು ಆಡಬೇಕಾಗಿರಲಿಲ್ಲ. ಅದೇ ಪ್ರಶ್ನೆಯನ್ನು ಸುಲಭದ ಜರ್ಮನ್‌ನಲ್ಲಿ ಇನ್ನೊಂದು ಸಲ ಕೇಳಿದ್ದರೆ ಸಾಕಿತ್ತು, ತರಗತಿಯಲ್ಲಿ ಅದನ್ನೂ ಕಲಿಸಿದ್ದರು. ಆದರೆ ಅವಳ ಕಡೆ ತಿರುಗಿದರೆ ಎಲ್ಲಿ ತೆಲುಗು ಬಂದುಬಿಡುತ್ತದೋ ಎಂಬ ಹೆದರಿಕೆಗೆ, ನಾನು ಗೋಡೆ ನೋಡಿಕೊಂಡು ನನ್ನ ಪಾಲಿನದನ್ನೂ ಅವಳ ಪಾಲಿನದನ್ನೂ ಒಬ್ಬಳೇ ಗಡಗಡ ಒಪ್ಪಿಸಿಬಿಟ್ಟೆ.

ಮೆಟ್ಟಿಲ ಹತ್ತಿರ ಹುಡುಗಿ ಕಾಯುತ್ತಿದ್ದಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ, ಬರೀ ತಿಳಿದುಕೊಳ್ಳುವವಳ ಹಾಗೆ ಕೇಳಿದಳು.

"ಅಕ್ಕಾ, ಮೀಕು ತೆಲುಗು ರಾದಾ?"

"ರಾದಮ್ಮಾ," ಎಂದೆ.

ತೆಲುಗು ಬರುವುದಿಲ್ಲವೆಂದು ಅಚ್ಚ ತೆಲುಗಿನಲ್ಲಿ ಹೇಳಿದ್ದು ನನ್ನ ಕಿವಿಗೇ ತಡವಾಗಿ ಕೇಳಿಸಿತು. ಅವಳಿಗೆ ತಕ್ಷಣ ಕೇಳಿಸಿರಬೇಕು. ಬ್ಯಾಗು ಹೆಗಲಿಗೆ ಹಾಕಿಕೊಂಡು ಇಳಿದುಹೋದಳು.

ನಾನು ಪಾಸಾದೆ. ನಿನ್ನೆ ಹೋಗಿ ಸರ್ಟಿಫಿಕೇಟು ತಂದೆ. ಮನೆಯಲ್ಲಿ ಪಾಯಸ ಮಾಡಿದ್ದರು. ಅಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಸೆರಗಿನಲ್ಲಿ ಒರೆಸಿ, ದೇವರ ಮುಂದೆ ಇಟ್ಟಳು. ಪಾಯಸದ ಬಟ್ಟಲು ಬದಿಗಿಟ್ಟು ಹುಡುಗಿಯ ವಿಷಯವನ್ನೆಲ್ಲ ಅವಳಿಗೆ ಹೇಳಿಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ. ನನ್ನ ಕಡೆ ತಿರುಗಿ ಕೇಳಿದಳು.

"ಅವ್ಳ ಎಸ್ರೇನೇ?"

ಆ ಪರೀಕ್ಷೆ ಶುರುವಾಗುವುದೇ ಜೊತೆಯವರ ಹೆಸರು ಕೇಳುವುದರಿಂದ. ನಾನು ಕೇಳಿದ್ದೆ, ಒಂದು ತಪ್ಪೂ ಇಲ್ಲದ ಜರ್ಮನ್‌ನಲ್ಲಿ. ಅವಳು ಹೇಳಿಯೂ ಇದ್ದಳು. ಮುಂದಿನ ವಾಕ್ಯ ಜೋಡಿಸಿಕೊಳ್ಳುವ ಗಡಿಬಿಡಿಯಲ್ಲಿ ನಾನು ಕೇಳಿಸಿಕೊಂಡಿರಲಿಲ್ಲ.