ಬಾಗಿಲ ಹಿಂದಿನ ಪೆಟ್ಟಿಗೆ

ನಮ್ಮ ಭಾವ ಬಡಗಿ. ಬಾಗಿಲು, ಕಿಟಕಿ, ಮೇಜು ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಶವಪೆಟ್ಟಿಗೆ ಮಾಡಿ ದೇವರ ಸೇವೆ ಮಾಡುತ್ತಿದ್ದರು. ನಮ್ಮ ಚರ್ಚಿನಲ್ಲಿ ಯಾರೇ ತೀರಿಕೊಂಡರೂ ಪೆಟ್ಟಿಗೆ ಅವರದೇ. ಅದಕ್ಕಾಗಿ ಯಾರ ಮುಂದೆಯೂ ಕೈ ಚಾಚಿದವರಲ್ಲ. ಒಬ್ಬರು ಹಾಡುತ್ತಾರೆ, ಒಬ್ಬರು ಗಂಟೆ ಹೊಡೆಯುತ್ತಾರೆ, ನನಗೆ ಬರುವುದು ಇದು ಎನ್ನುತ್ತಿದ್ದರು. ಜನ ಅವರಿಗೆ ಇಟ್ಟ ಹೆಸರು ‘ಕೊನೆಮನೆ ಮೇಸ್ತ್ರಿ’. ಆರಾಧನೆ ಮುಗಿದು ಹೊರಗೆ ನಿಂತಾಗ ಭಾವ ಯಾರನ್ನಾದರೂ ತುಸು ಹೊತ್ತು ದಿಟ್ಟಿಸಿದರೆ ಸಾಕು, “ಏನ್ ಮೇಸ್ತ್ರಿ, ಅಳತೆ ತಗೋತಿದೀರಾ? ನನಗಿನ್ನೂ ಮಗಳ ಮದುವೆ ಬಾಕಿ ಇದೆ” ಎಂದು ನಗುತ್ತಲೇ ಪಕ್ಕಕ್ಕೆ ಸರಿಯುತ್ತಿದ್ದರು.

ಅವರದೊಂದು ಕ್ರಮವಿತ್ತು. ಮನೆಯ ಹಿಂದಿನ ಶೆಡ್ಡಿನಲ್ಲಿ, ಬಾಗಿಲ ಹಿಂದೆ, ಒಂದು ಪೆಟ್ಟಿಗೆ ಯಾವಾಗಲೂ ಸಿದ್ಧವಾಗಿ ನಿಂತಿರುತ್ತಿತ್ತು. ಮೇಲೊಂದು ಹಳೆಯ ಹೊದಿಕೆ. ಅದು ಹೊರಟುಹೋದ ಮರುದಿನವೇ ಇನ್ನೊಂದಕ್ಕೆ ಹಲಗೆ ಕೀಸಲು ನಿಲ್ಲುತ್ತಿದ್ದರು. “ಸಾವಿನ ಮನೆಯವರನ್ನ ಕಾಯಿಸಬಾರದು” ಎನ್ನುವುದಷ್ಟೇ ಅವರ ಸಮಜಾಯಿಷಿ. ಒಳಮೈಯನ್ನೂ ಉಪ್ಪುಕಾಗದ ಹಿಡಿದು ನುಣುಪು ಮಾಡುತ್ತಿದ್ದರು. ಅದನ್ನ ಯಾರು ನೋಡ್ತಾರೆ ಭಾವ ಎಂದರೆ, ಕಿವಿಗೇ ಬೀಳದವರಂತೆ ಉಜ್ಜುತ್ತಲೇ ಇರುತ್ತಿದ್ದರು.

ಒಳಗೆ ಹಾಸುವ ಬಿಳಿ ಬಟ್ಟೆ ಮತ್ತು ತಲೆದಿಂಬು ನನ್ನ ಅಕ್ಕನ ಪಾಲು. ಕೀಸುವಾಗ ಉದುರುವ ಮರದ ಸುರುಳಿಗಳನ್ನು ಗುಡಿಸಿ, ಬಿಸಿಲಿಗೆ ಹಾಕಿ, ದಿಂಬಿಗೆ ತುಂಬಿ ಹೊಲಿಯುತ್ತಿದ್ದಳು. ಮಕ್ಕಳಿಲ್ಲದ ಮನೆ. ಅವರಿಬ್ಬರ ಹುಸಿಜಗಳವೇ ಅಲ್ಲಿಯ ಗಲಾಟೆ.

“ರೀ, ಈ ಸಲದ ಸುರುಳಿ ಒರಟು. ಪಾಪ, ಅವರಿಗೆ ಚುಚ್ಚುತ್ತೆ.”

“ಚುಚ್ಚಿದ್ರೆ ಎದ್ದು ಬಂದು ಹೇಳ್ಲಿ ಬಿಡು.”

ಆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು, ಮತ್ತೆ ಬಂತು. ಕೊನೆಗೆ ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟು, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅದರ ಅರ್ಥ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳನ್ನು ನೋಡಿಕೊಳ್ಳಲು ನಾನು ಅಲ್ಲೇ ಬಂದು ಉಳಿದೆ. ಭಾವ ಮಾತ್ರ, “ಡಾಕ್ಟರು ಮನುಷ್ಯರು. ಮೇಲಿನವನು ಇದಾನಲ್ಲ” ಎಂದರು.

ಪ್ರಾರ್ಥನಾಕೂಟದ ಹಿರಿಯರೊಬ್ಬರು ದಿನಾ ಬರುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಸೊಂಟ ಹಿಡಿದುಕೊಂಡಿದ್ದರೂ ಅಕ್ಕನ ಹಾಸಿಗೆಯ ಪಕ್ಕ ಮೊಣಕಾಲೂರಿ ಬೇಡುವವರು. ಆದರೆ ಬಾಯಿಗೆ ಬೀಗವಿಲ್ಲ. ಒಂದು ದಿನ ಕೈತೊಳೆಯಲು ಹಿಂದುಗಡೆ ಹೋದವರ ಕಣ್ಣಿಗೆ ಶೆಡ್ಡಿನ ಪೆಟ್ಟಿಗೆ ಬಿತ್ತು.

“ಮೇಸ್ತ್ರಿ, ಬಾಯಲ್ಲಿ ಜೀವ ಕೇಳ್ತೀರಿ, ಬಾಗಿಲ ಹಿಂದೆ ಇದನ್ನ ನಿಲ್ಲಿಸ್ಕೊಂಡಿದೀರಿ. ದೇವರು ಯಾವುದನ್ನ ನಂಬಬೇಕು?”

ನನಗೆ ಮೈಯೆಲ್ಲ ಉರಿದುಹೋಯಿತು. ಊರಿನವರಿಗೆಲ್ಲ ಒದಗಿಬಂದ ಪೆಟ್ಟಿಗೆ ಈಗ ಅಪನಂಬಿಕೆಯ ಗುರುತಾಯಿತೇ? ಆದರೆ ಮಾತು ಭಾವನ ಎದೆಗೆ ನಾಟಿತ್ತು. ಮರುದಿನ ಬೆಳಿಗ್ಗೆ ಶೆಡ್ಡಿನಿಂದ ಮೊಳೆ ಕೀಳುವ ಸದ್ದು ಕೇಳಿಸಿತು. ಪೆಟ್ಟಿಗೆಯನ್ನು ಹಲಗೆ ಹಲಗೆಯಾಗಿ ಬಿಚ್ಚಿ, ಪಾಲಿಶ್ ಹೋಗುವಂತೆ ಮತ್ತೆ ಕೀಸಿ, ಅಕ್ಕನಿಗೆ ಕಾಲು ಚಾಚಿ ಕೂರಲು ಒಂದು ಉದ್ದನೆಯ ಬೆಂಚು ಮಾಡಿದರು. ಮುಚ್ಚಳ ಒರಗುವ ಬೆನ್ನಾಯಿತು. ಉದುರಿದ ಸುರುಳಿಗಳನ್ನು ಅಕ್ಕ ಹಳೆಯ ಅಭ್ಯಾಸದಂತೆ ನನ್ನ ಕೈಲಿ ಗುಡಿಸಿ ತರಿಸಿಕೊಂಡಳು. “ನೀನು ಎದ್ದು ಓಡಾಡೋವರೆಗೂ ಇನ್ನೊಂದು ಪೆಟ್ಟಿಗೆ ಮಾಡಲ್ಲ” ಎಂದರು. ಅದೇ ತಿಂಗಳು ಗಂಟೆ ಹೊಡೆಯುವವನ ತಾಯಿ ತೀರಿಕೊಂಡಾಗ, ಅವನು ಬಂದು ಬಾಗಿಲಲ್ಲಿ ನಿಂತು, ಪೆಟ್ಟಿಗೆಯಿಲ್ಲವೆಂದು ಕೇಳಿ, ತಲೆ ತಗ್ಗಿಸಿಕೊಂಡು ಹೋದ. ಅವನು ತಿರುವು ದಾಟುವವರೆಗೂ ಭಾವ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

ಅಕ್ಕ ಕಿಟಕಿಯ ಪಕ್ಕ ಬೆಂಚಿನ ಮೇಲೆ ಒರಗಿ, “ನೋಡೇ, ರಾಣಿ ಥರ ಕೂರಿಸಿದಾರೆ ನನ್ನ” ಎಂದು ನಗುತ್ತಿದ್ದಳು. ಕೈಯಲ್ಲಿ ಏನಾದರೂ ಹೊಲಿಗೆ ಇರುತ್ತಿತ್ತು. ನಾನು ಹತ್ತಿರ ಹೋದರೆ ಸೆರಗಿನಡಿ ಸರಿಸುತ್ತಿದ್ದಳು. ಸಂಜೆ ಭಾವ ಅವಳ ಕಾಲ ಬಳಿ ಕೂತು, “ಕರ್ತನೇ, ಇವಳನ್ನು ಎಬ್ಬಿಸಿ ನಿಲ್ಲಿಸು” ಎಂದು ಪ್ರಾರ್ಥಿಸುವರು. ಅಕ್ಕ ಇದ್ದಬದ್ದ ಉಸಿರನ್ನೆಲ್ಲ ಒಟ್ಟು ಮಾಡಿಕೊಂಡು ‘ಆಮೆನ್’ ಎನ್ನುವಳು. ಆ ದನಿ ಕೇಳಿ ನಾನೂ ಒಮ್ಮೊಮ್ಮೆ ನಂಬಿಬಿಡುತ್ತಿದ್ದೆ.

ಅವಳು ಹೋದದ್ದು ಭಾನುವಾರ, ಆರಾಧನೆಯ ಗಂಟೆ ಹೊಡೆಯುವ ಹೊತ್ತಿಗೆ. ನೀರು ಕೇಳಿದಳು. ನಾನು ಲೋಟ ತರುವಷ್ಟರಲ್ಲಿ ಮುಗಿದಿತ್ತು.

ಸುದ್ದಿ ಕೇಳಿ ಆ ಹಿರಿಯರು ಓಡಿಬಂದರು. ಮರದಂಗಡಿ ಮುಚ್ಚಿತ್ತು. “ಬೇರೆ ಕಡೆಯಿಂದ ತರಿಸೋಣ ಮೇಸ್ತ್ರಿ” ಎಂದರು. ಭಾವ ಬೆಂಚನ್ನು ಶೆಡ್ಡಿಗೆ ಎಳೆದುಕೊಂಡು ಹೋಗಿ ಮೊಳೆ ಕೀಳತೊಡಗಿದರು. ಸಾಲದ ಹಲಗೆಗೆ ಶೆಡ್ಡಿನ ಬಾಗಿಲನ್ನೇ ಕಿತ್ತರು. ಕೊಯ್ಯುವಾಗ ಹಲಗೆ ಜಾರಿತು, ಹಿರಿಯರತ್ತ ನೋಡಿ, “ಆ ಕಡೆ ಹಿಡ್ಕೊಳ್ಳಿ” ಎಂದರು, ಅಷ್ಟೇ. ಆ ಮನುಷ್ಯ ಕಣ್ಣೀರು ಒರೆಸಿಕೊಳ್ಳಲೂ ಕೈ ಬಿಡದೆ ಕೊನೆಯವರೆಗೂ ಹಿಡಿದುಕೊಂಡಿದ್ದರು. ಅವರನ್ನು ಬಯ್ಯಬೇಕೆಂದು ನಾಲಿಗೆ ತುದಿಗೆ ತಂದುಕೊಂಡಿದ್ದನ್ನೆಲ್ಲ ನಾನು ನುಂಗಿಕೊಂಡೆ.

ಒಳಗೆ ಹಾಸಲು ಬಟ್ಟೆ ಬೇಕಿತ್ತು. ಅಕ್ಕನ ಟ್ರಂಕು ತೆಗೆದೆ. ಸೀರೆಗಳ ಕೆಳಗೆ ಬಿಳಿ ಬಟ್ಟೆ ಅಂಚು ಮಡಿಸಿ ಹೊಲಿದು ಸಿದ್ಧವಾಗಿತ್ತು. ಅದರೊಳಗೆ ಒಂದು ತಲೆದಿಂಬು. ಎತ್ತಿಕೊಂಡು ಹೋಗಿ ಭಾವನ ಮುಂದೆ ಹಿಡಿದೆ.

ಅವರು ದಿಂಬನ್ನು ಒತ್ತಿ ನೋಡಿದರು. ಮೂಸಿದರು. ಹೊಲಿಗೆಯ ಸಂದಿಯಿಂದ ಒಂದು ಸುರುಳಿಯನ್ನು ಎಳೆದು ಬೆಳಕಿಗೆ ಹಿಡಿದರು. ಒಂದು ಮೈಯಲ್ಲಿ ಹಳೆಯ ಪಾಲಿಶ್ ಇನ್ನೂ ಹೊಳೆಯುತ್ತಿತ್ತು.

“ಇದು ಬೆಂಚಿಗೆ ಕೀಸಿದ್ದು” ಎಂದರು. ಸುರುಳಿಯನ್ನು ಮತ್ತೆ ಸಂದಿಯೊಳಗೆ ತೂರಿಸಿ, “ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಪ್ರಾರ್ಥನೆಗೆ ಆಮೆನ್ ಅಂತಿದ್ಲು” ಎಂದು ಆ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತರು. ಅಷ್ಟು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಬಾಗಿಲಿಲ್ಲದ ಶೆಡ್ಡಿನಲ್ಲಿ ಕೀಸುವ ಸದ್ದು. ಹೋಗಿ ನೋಡಿದರೆ ಹೊಸ ಹಲಗೆ. ನನಗೆ ಸಿಟ್ಟು ನೆತ್ತಿಗೇರಿತು.

“ಇಷ್ಟಾದ್ಮೇಲೂ ದೇವರ ಸೇವೇನಾ? ಇನ್ನೂ ಅವನನ್ನ ನಂಬ್ತೀರಾ ಭಾವ?”

“ನಾನು ಬರೀ ಕೇಳ್ತಿದ್ದೆ ಕಣಮ್ಮ. ನಂಬಿದ್ದು ಅವಳು” ಎಂದರು. “ಎಬ್ಬಿಸದಿದ್ರೂ ಅವನು ಕೈ ಬಿಡಲ್ಲ ಅಂತ ತಿಳ್ಕೊಂಡೇ ದಿಂಬು ಹೊಲಿದಿಟ್ಟಳು. ನಾನಿನ್ನೂ ಕಲೀಬೇಕು.” ಆಮೇಲೆ ಸುರುಳಿಗಳ ಚೀಲವನ್ನು ನನ್ನ ಕಡೆ ತಳ್ಳಿ, “ನಿಂಗೆ ಹೊಲಿಯೋಕೆ ಬರುತ್ತಲ್ವಾ?” ಎಂದು ಕೇಳಿದರು.

ದೇವರ ಮೇಲೆ ನನಗಿನ್ನೂ ಸಿಟ್ಟಿದೆ. ಅದನ್ನು ಅವನಿಗೇ ನೇರವಾಗಿ ಹೇಳಿದ್ದೇನೆ. ಆದರೂ ದಿಂಬು ಹೊಲಿಯುತ್ತೇನೆ. ನನ್ನ ಹೊಲಿಗೆ ಸೊಟ್ಟ, ಭಾವ ಏನೂ ಅನ್ನುವುದಿಲ್ಲ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಪಕ್ಕದಲ್ಲೇ ಕೂತು ಪ್ರಾರ್ಥಿಸುತ್ತಾರೆ. ಕೊನೆಗೆ ಬಂದಾಗ ಅಭ್ಯಾಸದಿಂದ ಒಂದು ಕ್ಷಣ ತಡೆದು ಕಾಯುತ್ತಾರೆ. ಯಾರಾದರೂ ಆಮೆನ್ ಅನ್ನಬೇಕಲ್ಲ, ನಾನು ಅನ್ನುತ್ತೇನೆ.