ಗೇಟು ಕಾಯುವ ವರ

ನಮ್ಮ ಕಡೆ ಕನ್ಯಾ ನೋಡಲು ಹೋಗುವುದೆಂದರೆ ಅವಲಕ್ಕಿ ತಿಂದು ಬರುವುದು. ನಾನು ಮೂಡಲಗಿ, ಗೋಕಾಕ, ಹುಕ್ಕೇರಿ ಮೂರೂ ತಾಲೂಕಿನ ಅವಲಕ್ಕಿ ತಿಂದವನು. ಯಾವ ಊರಿನಲ್ಲಿ ಶೇಂಗಾ ಧಾರಾಳ, ಯಾವ ಊರಿನಲ್ಲಿ ಬರೀ ಅರಿಷಿಣದ ಬಣ್ಣ ಎಂದು ಈಗಲೂ ಹೇಳಬಲ್ಲೆ. ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಹುಡುಗಿಯ ಅಪ್ಪ ಕೇಳುವ ಪ್ರಶ್ನೆ ಮಾತ್ರ ಎಲ್ಲ ಕಡೆ ಒಂದೇ: ಹುಡುಗನ ನೌಕರಿ ಏನು? ಹೊಲ ಮಾಡುತ್ತಾನೆ ಎಂದು ನಮ್ಮ ಕಾಕಾ ಹೇಳಿದ ಕೂಡಲೇ ಅವರ ಮುಖ ಸಣ್ಣದಾಗುತ್ತಿತ್ತು. ಫೋನ್ ಮಾಡುತ್ತೇವೆ ಎನ್ನುತ್ತಿದ್ದರು. ಒಬ್ಬರೂ ಮಾಡಲಿಲ್ಲ.

ಹೀಗೆ ಕೇಳುವವರು ಸಾಹೇಬರೇನಲ್ಲ, ಅವರೂ ರೈತರೇ. ಎಮ್ಮೆ ಕಟ್ಟಿದ ಅಂಗಳದಲ್ಲಿ ಕೂತು, ಉಗುರಿನ ಸಂದಿಯಲ್ಲಿ ಕರಿಮಣ್ಣು ಇಟ್ಟುಕೊಂಡು, ರೈತನಿಗೆ ಹೆಣ್ಣು ಕೊಡುವುದಿಲ್ಲ ಎನ್ನುತ್ತಾರೆ. ನನಗೆ ಸಿಟ್ಟಿಗಿಂತ ಹೇಸಿಗೆ ಹೆಚ್ಚಾಗುತ್ತಿತ್ತು. ಧುಪದಾಳದಿಂದ ಬರುವ ಕಾಲುವೆಯ ನೀರು ನಮ್ಮ ಹೊಲಕ್ಕಿದೆ, ಕಬ್ಬು ಆಳೆತ್ತರ ನಿಲ್ಲುತ್ತದೆ, ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಅವರ ಕಣ್ಣಿಗೆ ನಾನು ಕೆಲಸವಿಲ್ಲದವನು.

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಹಿರಿತನ ಅವರ ತಮ್ಮ ಕಾಕಾನದು. ಇನ್ನೂ ನಾಲ್ಕು ಊರು ನೋಡೋಣ, ಎಲ್ಲಾದರೂ ಒಬ್ಬಳು ಇದ್ದೇ ಇರುತ್ತಾಳೆ ಎಂದು ಅವ್ವ ಹಟ ಹಿಡಿದಳು. ದಾರಿ ಬದಲಿಸದೆ ಗತಿಯಿಲ್ಲ ಎಂದು ಕಾಕಾ ತೀರ್ಪು ಕೊಟ್ಟರು. ದಾರಿ ಎಂದರೆ ಏನು ಎಂದು ಆಮೇಲೆ ಗೊತ್ತಾಯಿತು. ಹತ್ತರಗಿ ಹತ್ತಿರ ಹೆದ್ದಾರಿ ಬದಿಯ ಒಂದು ಗೋದಾಮಿನಲ್ಲಿ, ಗುತ್ತಿಗೆದಾರನ ಕೈಕೆಳಗೆ, ಗೇಟು ಕಾಯುವ ನೌಕರಿ. ನೀಲಿ ಅಂಗಿ, ಟೊಪ್ಪಿಗೆ, ಒಂದು ಸೀಟಿ.

ನಾನು ಹೋದೆ. ಬೇಸತ್ತ ಮನುಷ್ಯ ಎಂಥ ಮಾತಿಗೂ ತಲೆ ಆಡಿಸುತ್ತಾನೆ. ನನ್ನ ಹೊಲಕ್ಕೆ ನೀರು ಹಾಯಿಸಲು ಆಳು ಇಟ್ಟು, ಅವನಿಗೆ ನನ್ನ ಪಗಾರಕ್ಕಿಂತ ಹೆಚ್ಚು ಕೂಲಿ ಕೊಟ್ಟು, ನಾನು ಬೇರೆಯವರ ಗೇಟು ತೆಗೆದು ಹಾಕುತ್ತ ನಿಂತೆ. ಇಂಥ ಲೆಕ್ಕ ನಮ್ಮ ಸೀಮೆಯಲ್ಲಿ ಬಿಟ್ಟು ಬೇರೆಲ್ಲೂ ಯಾರಿಗೂ ಹೊಳೆಯಲಾರದು. ಲಾರಿ ಡ್ರೈವರುಗಳು ನನ್ನನ್ನು ಏ ವಾಚಮನ್ ಎಂದು ಕೂಗುತ್ತಿದ್ದರು. ಊರಿನಲ್ಲಿ ಕಾಕಾ ಮಾತ್ರ ಹುಡುಗ ಕಂಪನಿಯಲ್ಲಿದ್ದಾನೆ ಎಂದು ಎದೆ ಉಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದರು. ತಮಾಷೆಯೆಂದರೆ, ಕರೆಗಳು ತಾವಾಗಿಯೇ ಬರತೊಡಗಿದವು.

ಮೊದಲು ಕರೆದದ್ದು ಬೆಲ್ಲದ ಬಾಗೇವಾಡಿಯವರು. ಗೋಕಾಕದ ಕರದಂಟಿನ ಡಬ್ಬಿ ಹಿಡಿದುಕೊಂಡು ಕಾಕಾ ಮತ್ತು ನಾನು ಕಾಕಾನ ಕಾರಿನಲ್ಲಿ ಹೋದೆವು. ಅವಲಕ್ಕಿ ಆಯಿತು, ಚಹಾ ಆಯಿತು. ಕಂಪನಿಯ ಮಾತು ಕೇಳಿ ಹುಡುಗಿಯ ಅಪ್ಪನ ಮುಖ ಅರಳಿತು. ಈಗಿನ ಪದ್ಧತಿಯಂತೆ ಹುಡುಗಿಯನ್ನೂ ನನ್ನನ್ನೂ ಮಾತಾಡಲು ಹಿತ್ತಲಿಗೆ ಕಳಿಸಿದರು.

ಅವಳು ಸುತ್ತುಬಳಸದೆ ಕಂಪನಿಯಲ್ಲಿ ಏನು ಕೆಲಸ ಎಂದು ಕೇಳಿದಳು. ಗೇಟು ಕಾಯುತ್ತೇನೆ ಎಂದೆ. ಹಾಗಾದರೆ ಹೊಲ ಯಾರು ಮಾಡುತ್ತಾರೆ ಎಂದಳು. ಆಳು ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಷ್ಟು ಮನೆಗಳಲ್ಲಿ ಅಷ್ಟು ಜನ ನನ್ನನ್ನು ಹಗುರವಾಗಿ ನೋಡಿದ್ದಾರೆ. ನ್ಯಾಯವಾಗಿ ನೋಡಿದವಳು ಇವಳೊಬ್ಬಳೇ.

"ಹೊಲಾ ಮಾಡಾವ್ನ ಜೋಡಿ ಬಾಳೇ ಮಾಡಬಹುದ್ರಿ," ಎಂದಳು. "ತನ್ನ ಹೊಲಾ ಬಿಟ್ಟು ಮಂದಿ ಗೇಟ್ ಕಾಯಾವ್ನ ಜೋಡಿ ಹೆಂಗ ಮಾಡೂದು?"

ನನಗೆ ಅವಳು ಅಲ್ಲೇ ಹಿಡಿಸಿದಳು. ಒಳಗೆ ಬಂದವನೇ, ಆ ನೌಕರಿ ಸುಳ್ಳಿನ ಸಂತೆ, ನಾಳೆಯಿಂದ ಬಿಡುತ್ತೇನೆ, ನಾನು ಕಬ್ಬು ಬೆಳೆಯುವವನು ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ಕಾಕಾ ಚಹಾದ ಕಪ್ಪು ಕೆಳಗಿಟ್ಟರು. ಎದ್ದು ಹೋಗಿ ಎನ್ನುತ್ತಾರೆಂದು ಕಾಯುತ್ತಿದ್ದೆ. ಹುಡುಗಿಯ ಅಪ್ಪ ಮಾತ್ರ ಮೂಲೆಯಲ್ಲಿ ನಿಂತಿದ್ದ ತನ್ನ ಮಗನ ಕಡೆ ಕೈ ಮಾಡಿದರು. ಅವನೂ ಹೊಲ ಮಾಡುವವನು, ಅವನಿಗೂ ಎಲ್ಲೂ ಹೆಣ್ಣು ಸಿಕ್ಕಿಲ್ಲವಂತೆ. ನಿಮ್ಮ ಮನೆಯಲ್ಲಿ ಕನ್ಯಾ ಇದ್ದರೆ ನಮ್ಮವನಿಗೆ ಕೊಡಿ, ನಮ್ಮ ಮಗಳನ್ನು ನಿಮ್ಮ ಹುಡುಗನಿಗೆ ಕೊಡುತ್ತೇವೆ, ಒಂದೇ ಹಂದರದಲ್ಲಿ ಎರಡೂ ಮದುವೆ ಮುಗಿಸೋಣ ಎಂದರು.

ಕನ್ಯಾ ಇದ್ದಳು. ಕಾಕಾನ ಮಗಳು, ಮದುವೆಗೆ ಬಂದವಳು. ಇಷ್ಟು ವರ್ಷ ಊರೂರು ತಿರುಗಿ, ರೈತನಿಗೆ ಹೆಣ್ಣು ಕೊಡದವರನ್ನು ವಾಚಾಮಗೋಚರ ಬೈದ ಕಾಕಾ ಈಗ ಮಗಳನ್ನೊಂದು ಮಾತು ಕೇಳಿ ಹೇಳುತ್ತೇನೆ ಎಂದಾದರೂ ಅನ್ನಬೇಕಿತ್ತು. ಕಾಕಾ ಗಂಟಲು ಸರಿಮಾಡಿಕೊಂಡರು.

"ನಮ್ಮ ಹುಡುಗಿಗೆ ನೌಕರಿ ಇದ್ದಾವ್ನ ನೋಡಾಕತ್ತೇವ್ರಿ," ಎಂದರು.

ಹುಡುಗಿಯ ಅಪ್ಪ ನಕ್ಕರು. ಫೋನ್ ಮಾಡುತ್ತೇವೆ ಎಂದರು. ಕರದಂಟಿನ ಡಬ್ಬಿ ತೆಗೆಯದೆ ಹಾಗೇ ಇತ್ತು. ಹೊರಡುವಾಗ ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅವಳು ನನ್ನ ಕಡೆ ನೋಡಲಿಲ್ಲ, ಕಾಕಾನನ್ನು ನೋಡುತ್ತಿದ್ದಳು.

ದಾರಿಯುದ್ದಕ್ಕೂ ಕಾಕಾ ಮಂದಿಗೆ ರೈತನ ಕಿಮ್ಮತ್ತು ತಿಳಿಯದು ಎಂದು ಗೊಣಗಿದರು. ನಾಚಿಕೆಯೆಂಬುದು ಆ ಮುಖದ ಹತ್ತಿರವೂ ಸುಳಿದಿರಲಿಲ್ಲ. ಘಟಪ್ರಭಾ ದಾಟುವಾಗ ಹೊಸ ಮಾತು ತೆಗೆದರು.

"ಬರೂ ಐತವಾರ ಹುಕ್ಕೇರಿಯಾಗ ಒಂದು ಕನ್ಯಾ ಐತಿ. ಅಲ್ಲೆ ನೌಕರಿ ಬಿಡ್ತೇನಂತ ಒದರಬ್ಯಾಡ."

"ನಾ ಬರೂದಿಲ್ರಿ," ಎಂದೆ. "ನಿಮ್ಮ ಮಗಳನ್ನ ನೋಡಾಕ ಬರೂ ನೌಕರಿ ಹುಡುಗ ಯಾವ ಗೇಟಿನ್ಯಾಗ ನಿಂತಾನ, ಮೊದಲ ಅದನ್ನ ನೋಡ್ಕೊಂಡು ಬರ್ರಿ."

ಕಾಕಾ ಕಾರಿನ ಕಿಟಕಿಯ ಗಾಜು ಏರಿಸಿದರು. ಮರುದಿನ ಬೆಳಿಗ್ಗೆ ನಾನು ಆಳಿನ ಕೈಯಿಂದ ಸಲಿಕೆ ಇಸಿದುಕೊಂಡು ಕಬ್ಬಿಗೆ ನೀರು ತಿರುವಿದೆ.