ಬಾಯಿ ಕಟ್ಟಿದ ವಕಾಲತ್ತು

ಬೀದಿಯ ಸುದ್ದಿಯೆಲ್ಲ ಮೊದಲು ಅವನ ಕಿವಿಗೆ ಬೀಳುತ್ತಿತ್ತು, ಆಮೇಲೆ ಉಳಿದವರಿಗೆ. ಅದಕ್ಕೇ ಆ ಕ್ಷೌರಿಕನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಎರಡು ಕುರ್ಚಿ, ಅಂಚು ಮಸುಕಾದ ಉದ್ದನೆಯ ಕನ್ನಡಿ, ಬಾಗಿಲ ಬಳಿ ಒಂದು ಬೆಂಚು. ಮದುವೆಯಾದ ಹೊಸತರಲ್ಲಿ ಬಾಡಿಗೆಗೆ ಹಿಡಿದ ಅಂಗಡಿ. ಪೂರ್ತಿ ಬಕ್ಕತಲೆಯವರೂ ಬಂದು ಬೆಂಚಿನ ಮೇಲೆ ಕೂರುತ್ತಿದ್ದರೆಂದರೆ ಅವನ ಮಾತಿನ ರುಚಿ ಎಂಥದ್ದಿರಬೇಕು, ನೀವೇ ಯೋಚಿಸಿ.

ಒಂದು ದಿನ ಮಹಡಿಯಿಂದ ಅಂಗಡಿಯ ಒಡತಿ ಅಜ್ಜಿ ಇಳಿದು ಬಂದರು. "ಮಗಳ ಮನೆಗೆ ಹೋಗಿಬಿಡ್ತೀನಪ್ಪಾ. ಕಟ್ಟಡ ಮಾರ್ಬೇಕು. ಅಂಗಡಿ ನಿಂಗೇ ಕೊಡೋಣ ಅಂತ ಆಸೆ. ಆದ್ರೆ ವರ್ಷದ ಕೊನೆ ದಾಟಿದ್ರೆ ನಾನು ಕಾಯೋಕಾಗಲ್ಲ."

ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಗಲೇ ಸಾಲ ಕೇಳಲು ಬ್ಯಾಂಕಿಗೆ ಓಡಿದ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ಆಗದೆಂದು ತಲೆಯಾಡಿಸಿದಳು. ಕ್ರೆಡಿಟ್ ಸ್ಕೋರ್ ಪಾತಾಳಕ್ಕಿಳಿದಿತ್ತು. ಹಿಂದೆ ಕುರ್ಚಿಗಳಿಗೆಂದು ಇದೇ ಬ್ಯಾಂಕಿನಲ್ಲಿ ತೆಗೆದು ಪೂರ್ತಿ ತೀರಿಸಿದ ಸಾಲ ಇನ್ನೂ ಬಾಕಿಯೆಂದೇ ತೋರಿಸುತ್ತಿತ್ತು. ಬೆನ್ನ ಹಿಂದೆ ಸಾಲುಗಟ್ಟಿ ನಿಂತವರೆಲ್ಲ ಅವನ ಗಿರಾಕಿಗಳು. ಅವರೆದುರು ಸಾಲದ ಲೆಕ್ಕ ಬಿಚ್ಚಲು ನಾಚಿ ಹೊರಬಂದ.

ಆ ರಸ್ತೆಯಲ್ಲೇ ವಕೀಲರ ಸಂಸ್ಥೆಯೊಂದರ ಗಾಜಿನ ಬಾಗಿಲ ಮೇಲೆ 'ಕ್ರೆಡಿಟ್ ಸ್ಕೋರ್ ಸರಿಪಡಿಸಿಕೊಡುತ್ತೇವೆ' ಎಂಬ ಬೋರ್ಡಿತ್ತು. ಮನೆಯಲ್ಲಿ ಹೇಳಿದಾಗ ಹೆಂಡತಿ ಕೇಳಿದಳು, "ರೀ, ಬ್ಯಾಂಕ್ ಮ್ಯಾನೇಜರು ವಾರ ವಾರ ನಿಮ್ಮ ಕುರ್ಚೀಲೇ ಕೂರ್ತಾರಲ್ಲ, ಅವರನ್ನೇ ಒಂದು ಮಾತು ಕೇಳ್ಬಾರ್ದಾ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು. ಇದು ಕಾನೂನಿನ ವಿಷಯ."

ಸಂಸ್ಥೆಯಲ್ಲಿ ಕೋಟು ತೊಟ್ಟ ಕಿರಿಯ ವಕೀಲ ಬಹಳ ಮರ್ಯಾದೆಯಿಂದ ಕೂರಿಸಿದ. "ತಿಂಗಳು ತಿಂಗಳು ಫೀಸು ಕಟ್ಕೊಂಡು ಹೋಗಿ, ಉಳಿದದ್ದು ನಮಗೆ ಬಿಡಿ. ಒಂದೇ ಮಾತು. ಬ್ಯಾಂಕಿನವರ ಹತ್ರ ನೀವು ತುಟಿ ಬಿಚ್ಚಬಾರ್ದು. ಏನಿದ್ರೂ ನಮ್ಮ ಮೂಲಕಾನೇ."

"ಕೆಲಸ ಆಗೇ ಆಗುತ್ತಲ್ವಾ ಸಾರ್?"

"ಪ್ರಯತ್ನ ನಮ್ದು."

ಬುದ್ಧಿ ನೆಟ್ಟಗಿದ್ದವನು ಆ ಮಾತಿಗೇ ಎದ್ದು ಬರುತ್ತಿದ್ದ. ನಮ್ಮ ರೇಡಿಯೋ ವಕಾಲತ್ತಿಗೆ ಕಣ್ಣು ಮುಚ್ಚಿ ಸಹಿ ಹಾಕಿದ.

ಮುಂದಿನ ಶನಿವಾರ ಮ್ಯಾನೇಜರ್ ಎಂದಿನಂತೆ ಬಂದು ಕುರ್ಚಿಯಲ್ಲಿ ಒರಗಿದರು. ಸಾಲದ ವಿಷಯ ಒಂದನ್ನೇ ಬಚ್ಚಿಟ್ಟುಕೊಂಡು ಉಳಿದದ್ದು ಮಾತಾಡುವ ಜಾಣತನ ಅವನಿಗಿರಲಿಲ್ಲ. ಬಾಯಿ ತೆರೆದರೆ ಎಲ್ಲವೂ ಹೊರಗೆ ಬೀಳುವ ಜಾಯಮಾನ. ಹಾಗಾಗಿ ಬಾಯಿಯನ್ನೇ ಹೊಲಿದುಕೊಂಡ.

"ಏನಪ್ಪಾ, ರೇಡಿಯೋ ಕೆಟ್ಟಿದ್ಯಾ?"

"ಗಂಟಲು ಸರಿ ಇಲ್ಲ ಸಾರ್."

ಗಂಟಲು ತಿಂಗಳಾದರೂ ಸರಿಹೋಗಲಿಲ್ಲ. ಬ್ಯಾಂಕಿನ ಗುಮಾಸ್ತರೂ ಬರುವ ಅಂಗಡಿಯಾದ್ದರಿಂದ ಬೇರೆ ಗಿರಾಕಿಗಳೆದುರೂ ಮೌನ. ಬೆಂಚು ಖಾಲಿಯಾಯಿತು. ಮೂಗನ ಹತ್ತಿರ ಕೂದಲು ಕತ್ತರಿಸಿಕೊಳ್ಳಲು ಯಾರಿಗೆ ಬೇಕು?

ಸಂಸ್ಥೆಗೆ ಹೋದಾಗಲೆಲ್ಲ ಉತ್ತರ ಒಂದೇ. ಪತ್ರ ಹೋಗಿದೆ, ಜವಾಬು ಬರಬೇಕು. ಅವರು ಮಾಡಿದ್ದಾದರೂ ಏನು? ಅವನ ಹೆಸರಿನಲ್ಲಿದ್ದ ಎಲ್ಲ ಖಾತೆಗಳ ಮೇಲೂ, ಒಳ್ಳೆಯವನ್ನೂ ಬಿಡದೆ, ಒಟ್ಟಿಗೆ ತಕರಾರು ಎತ್ತಿದ್ದರು. ತಕರಾರು ಮುಗಿಯುವವರೆಗೆ ಯಾವ ಬ್ಯಾಂಕೂ ಅವನ ಅರ್ಜಿ ಮುಟ್ಟಲೊಲ್ಲದು. ಫೀಸಿಗಾಗಿ ಒಂದು ಕುರ್ಚಿ ಮಾರಿದ. ಊರವರ ತಲೆ ಬೋಳಿಸುವವನ ತಲೆಯನ್ನು ಅವರು ನುಣ್ಣಗೆ ಬೋಳಿಸಿದರು. ನನಗಂತೂ ಈಗಲೂ ನೆನೆದರೆ ಮೈ ಉರಿಯುತ್ತದೆ.

ವರ್ಷ ಮುಗಿಯಿತು. ಅಜ್ಜಿ ಕಣ್ಣೀರು ಹಾಕಿಕೊಂಡೇ ಅಂಗಡಿಯನ್ನು ಚಪ್ಪಲಿ ವ್ಯಾಪಾರಿಗೆ ಬರೆದುಕೊಟ್ಟರು.

ಕೊನೆಯ ಶನಿವಾರ ಮ್ಯಾನೇಜರ್ ಬಂದಾಗ ಸಾಮಾನು ಬಹುಪಾಲು ಡಬ್ಬಗಳಿಗೆ ಸೇರಿತ್ತು. ಒಂದು ಕೆನ್ನೆ ಬೋಳಿಸುವಷ್ಟರಲ್ಲಿ ಅವನು ಎಲ್ಲವನ್ನೂ ಹೇಳಿಬಿಟ್ಟ. ಇನ್ನು ಮುಚ್ಚಿಟ್ಟು ಆಗಬೇಕಾದ್ದೇನಿತ್ತು? ಮ್ಯಾನೇಜರ್ ನೊರೆ ಮುಖದಲ್ಲೇ ಎದ್ದು ಕೂತರು.

"ಸಾಲ ತೀರಿಸಿದ ರಸೀದಿ ಇತ್ತೇನೋ?"

"ಇದೆ ಸಾರ್, ಎಲ್ಲಾ ಇದೆ."

"ಅದನ್ನ ತಂದು ನನ್ನ ಮೇಜಿನ ಮೇಲಿಟ್ಟಿದ್ರೆ ಸಾಕಿತ್ತಲ್ಲಪ್ಪಾ! ತಪ್ಪು ನಮ್ಮ ಕಡೇದು. ಪುಕ್ಕಟೆ ಸರಿ ಮಾಡಿಸ್ತಿದ್ದೆ. ವಕೀಲರ ನೋಟೀಸು ಬಂತು, ಫೈಲು ಹೆಡ್ಡಾಫೀಸಿಗೆ ಹೋಯ್ತು, ನನ್ನ ಕೈ ತಪ್ತು. ಅದು ನಿಂದು ಅಂತ ನಂಗೇನು ಗೊತ್ತು? ನಿನ್ನ ನಿಜವಾದ ಹೆಸರೇ ನಾನು ಕೇಳಿರ್ಲಿಲ್ಲ."

"ಇನ್ನೊಂದು ಕೆನ್ನೆ ನನ್ನಿಂದಾಗಲ್ಲ ಸಾರ್," ಎಂದು ಕತ್ತಿ ಕೆಳಗಿಟ್ಟ. ಮ್ಯಾನೇಜರ್ ಮುಖ ಒರೆಸಿಕೊಂಡು, ಹಣ ಇಟ್ಟು, ತಲೆ ತಗ್ಗಿಸಿ ಹೊರಟುಹೋದರು.

ಕನ್ನಡಿ ಇಳಿಸಿಕೊಳ್ಳಲು ಹೆಂಡತಿ ಬಂದಾಗ ಅವನು ಬೆಂಚಿನ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವಳು ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಅಳ್ಬೇಡಿ. ನಿಮ್ಮ ಕೈಲಾದದ್ದೆಲ್ಲ ಮಾಡಿದ್ರಿ."

ಅವನು ಹೌದೆಂದು ತಲೆಯಾಡಿಸಿದ. ಮ್ಯಾನೇಜರ್ ಹೇಳಿದ್ದನ್ನು ಅವಳಿಗೆ ಹೇಳುವ ಧೈರ್ಯ ಅವನಿಗೆ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.